ಶರಣಪ್ಪನ ಎಡಗೈ, ಆಲ್ಟ್ ಮತ್ತು ಸ್ಪೇಸ್

ಮೌಸ್ ಹಿಡಿದು ಕೆಲಸ ಮಾಡುವವರನ್ನು ಕಂಡರೆ ನನಗೆ ಈಗಲೂ ನಗು ಬರುತ್ತದೆ. ಒಂದು ಫೈಲು ತೆರೆಯಲು ಕೀಬೋರ್ಡಿನಿಂದ ಕೈ ಎತ್ತಬೇಕು, ಮೌಸ್ ತಡಕಬೇಕು, ಬಾಣ ಪರದೆಯ ಯಾವ ಮೂಲೆಯಲ್ಲಿ ಅಡಗಿದೆ ಎಂದು ಕಣ್ಣು ಕಿರಿದು ಮಾಡಿ ಹುಡುಕಬೇಕು. ಅಷ್ಟರಲ್ಲಿ ನಾನು ಫೈಲು ತೆರೆದು, ತಿದ್ದಿ, ಪ್ರಿಂಟು ಕೊಟ್ಟು, ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಿದ್ದೆ. ಮರಾಠಿ ಸೀಮೆಯ ನಿಲಂಗಾ ಕೋರ್ಟಿನ ಎದುರಿನ ಸಾಲಿನಲ್ಲಿ ನನ್ನಷ್ಟು ಬೇಗ ಅರ್ಜಿ ಇಳಿಸುವ ಆಪರೇಟರ್ ಇನ್ನೊಬ್ಬನಿರಲಿಲ್ಲ. ಇದನ್ನು ಬೇರೆ ಯಾರಾದರೂ ಹೇಳಲಿ ಎಂದು ಬಹಳ ವರ್ಷ ಕಾದೆ. ಯಾರೂ ಹೇಳಲಿಲ್ಲ, ಹಾಗಾಗಿ ನಾನೇ ಹೇಳಿಬಿಟ್ಟೆ.

ಈಗ ಕೆಲಸ ಬಿಟ್ಟು ಉದಗೀರದಲ್ಲಿ ಇದ್ದೇನೆ. ವಕೀಲರ ಕಚೇರಿಗಳಿಗೆ ಹೊಸದಾಗಿ ಸೇರುವವರು ಬಂದು "ಕಾಕಾ, ಆ ಕೀಬೋರ್ಡಿನ ಜಾದೂ ನಮಗೂ ಕಲಿಸ್ರಿ" ಎನ್ನುತ್ತಾರೆ. ಕಲಿಸುತ್ತೇನೆ. ಆದರೆ ಶರಣಪ್ಪನ ವಿಷಯ ಹೇಳದೆ ಕಲಿಸಿದರೆ ಅರ್ಧವೇ ಕಲಿಸಿದಂತಾಗುತ್ತದೆ. ಹೇಳಿ ಕಲಿಸಿದರೆ ಕೇಳುವವರ ಮುಖ ಬಾಡುತ್ತದೆ. ಬಾಡಲಿ. ನನ್ನದೂ ಬಾಡಿದೆ.

ಶರಣಪ್ಪ ನನಗೆ ಸಿಕ್ಕಿದ್ದು ಉಮರಗಾದ ಟೈಪಿಂಗ್ ಕ್ಲಾಸಿನಲ್ಲಿ. ನಾನಲ್ಲಿ ಮಾಸ್ತರ. ಆಗಿನದು ಲೋಹದ ಟೈಪ್‌ರೈಟರ್. ಮಳೆ ಬಿದ್ದಂತೆ ಸದ್ದು. ನಮ್ಮ ಕಸುಬಿನ ಮೊದಲ ಕಟ್ಟಳೆ ಒಂದೇ: ಕಣ್ಣು ಎಡಗಡೆ ಇಟ್ಟ ಕಾಗದದ ಮೇಲೆ ಇರಬೇಕು, ಕೀಗಳ ಮೇಲೆ ಅಲ್ಲ. ಹೇಳಿದರೆ ಯಾರು ಕೇಳುತ್ತಾರೆ? ಅದಕ್ಕೆ ನಾನೊಂದು ಕಿತಾಪತಿ ಮಾಡುತ್ತಿದ್ದೆ. ಕೀಗಳ ಮೇಲೆ ತಪ್ಪು ಅಕ್ಷರ ಬರೆದ ಚೀಟಿಗಳನ್ನು ಅಂಟಿಸಿಬಿಡುತ್ತಿದ್ದೆ. ಕೆಳಗೆ ನೋಡಿ ಹೊಡೆದವರ ಕಾಗದದ ಮೇಲೆ ಯಾವ ದೇಶದ್ದೋ ಭಾಷೆ ಮೂಡುತ್ತಿತ್ತು. ನೋಡದೆ ಹೊಡೆದವರದು ಸರಿ ಬರುತ್ತಿತ್ತು.

ಇಡೀ ಕ್ಲಾಸು ಬೊಬ್ಬೆ ಹಾಕಿತು. ಶರಣಪ್ಪನೊಬ್ಬ ಸುಮ್ಮನೆ ಹೊಡೆಯುತ್ತ ಕೂತಿದ್ದ. ಎಷ್ಟೋ ದಿನಗಳ ಮೇಲೆ ಚೀಟಿ ತೆಗೆಯಲು ಹೋದಾಗ ಅವನು ಬೆರಗಾಗಿ ಕೇಳಿದ: "ಇವ್ ಯಾವಾಗ ಅಂಟಿಸಿದ್ರಿ ಮಾಸ್ತರ್ರ?"

"ನೀ ನೋಡೇ ಇಲ್ಲೇನ್ಲೇ?"

"ನೋಡಬ್ಯಾಡ ಅಂತ ನೀವೇ ಹೇಳೀರಲ್ರಿ."

ಅವನು ಹಾಗೆಯೇ. ಒಮ್ಮೆ ಹೇಳಿದ್ದು ಬೆರಳಿಗೆ ಇಳಿದರೆ ಆಯಿತು, ಮತ್ತೆ ತೆಗೆಯಲು ಬರುತ್ತಿರಲಿಲ್ಲ.

ಟೈಪ್‌ರೈಟರ್‌ಗಳು ಗುಜರಿಗೆ ಹೋದ ಮೇಲೆ ನಾವಿಬ್ಬರೂ ನಿಲಂಗಾದ ಅಪ್ಪಾಸಾಹೇಬ ವಕೀಲರ ಕಚೇರಿಗೆ ಬಂದೆವು. ಒಂದು ಕೋಣೆ, ಎರಡು ಕಂಪ್ಯೂಟರ್, ಗೋಡೆ ತುಂಬ ಕೆಂಪು ಬಟ್ಟೆಯ ಗಂಟುಗಳು. ಅಪ್ಪಾಸಾಹೇಬರು ಒಳ್ಳೆಯ ಮನುಷ್ಯ, ಆದರೆ ತಾಳ್ಮೆ ಎಂಬುದು ಅವರ ಜಾತಕದಲ್ಲಿರಲಿಲ್ಲ. ಕೋರ್ಟಿನೊಳಗಿಂದ ಫೋನು ಮಾಡಿ ಹೆಸರು ಹೇಳಿದರೆ, ಅವರು ಫೋನು ಕೆಳಗಿಡುವ ಮೊದಲೇ ನಮ್ಮ ಪ್ರಿಂಟರ್ ಗುರುಗುಟ್ಟಬೇಕು.

ಆಗಲೇ ನಾನು ಲಾಂಚರ್ ಹಿಡಿದದ್ದು. ಹೊಸಬರು ಇಲ್ಲಿ ಕಿವಿ ಕೊಡಿ. ಅದೊಂದು ಸಣ್ಣ ಪ್ರೋಗ್ರಾಮು, ಪುಕ್ಕಟೆ ಸಿಗುತ್ತದೆ. ಹಾಕಿಕೊಂಡ ಮೇಲೆ ಎಲ್ಲೂ ಕಾಣುವುದಿಲ್ಲ, ಹಿಂದೆ ಸುಮ್ಮನೆ ಕೂತಿರುತ್ತದೆ. ಆಲ್ಟ್ ಹಿಡಿದು ಸ್ಪೇಸ್ ಒತ್ತಿದರೆ ಪರದೆಯ ನಡುವೆ ಉದ್ದನೆಯ ಒಂದು ಬಾಕ್ಸು ಬರುತ್ತದೆ. ಅದರೊಳಗೆ ನಿಮಗೆ ಬೇಕಾದ ಪ್ರೋಗ್ರಾಮಿನ ಮೊದಲ ಒಂದೆರಡು ಅಕ್ಷರ ಹೊಡೆಯಿರಿ. ಕೆಳಗೆ ಹೆಸರುಗಳು ಸಾಲಾಗಿ ನಿಲ್ಲುತ್ತವೆ. ಮೇಲಿನದು ನಿಮ್ಮದಾದರೆ ಎಂಟರ್. ಅಷ್ಟೇ. ನೀವು ಯಾವುದನ್ನು ಹೆಚ್ಚು ಕರೆಯುತ್ತೀರೋ ಅದನ್ನು ನೆನಪಿಟ್ಟುಕೊಂಡು ದಿನ ಕಳೆದಂತೆ ಮೇಲೆ ತರುತ್ತದೆ. ಮೊದಮೊದಲು ಪ್ರೋಗ್ರಾಮು ತೆರೆಯಲು ಮಾತ್ರ ಬಳಸಿ. ಅದು ರೂಢಿಯಾದ ಮೇಲೆ ಫೈಲುಗಳಿಗೆ ಬನ್ನಿ. ಆಮೇಲೆ ಅಡ್ಡಹೆಸರು ಇಡಿ: ಉದ್ದನೆಯ ಹೆಸರಿಗೆ ಎರಡು ಅಕ್ಷರದ ಗುರುತು. ಎಲ್ಲವನ್ನೂ ಒಂದೇ ದಿನ ಮಾಡಿದರೆ ಮರುದಿನ ಮೌಸಿಗೇ ಓಡುತ್ತೀರಿ. ಮೌಸನ್ನು ಡ್ರಾವರಿನಲ್ಲಿಟ್ಟು ಬೀಗ ಹಾಕುವುದು ಉತ್ತಮ. ನಾನು ಪಕ್ಕದ ಕಚೇರಿಯವರ ಮೌಸನ್ನೂ ಬೀಗ ಹಾಕಿ ಇಟ್ಟಿದ್ದೆ, ಅದು ಬೇರೆ ಮಾತು.

ನಮ್ಮ ಕಚೇರಿಯಲ್ಲಿ ಒಂದು ತೊಡಕಿತ್ತು. ನಮ್ಮ ಕಡೆ ಯಾವ ಕಾಗದವೇ ಆಗಲಿ, ತಲೆಯ ಮೇಲೆ ಶ್ರೀ ಬರೆಯದೆ ಪೆನ್ನು ಮುಂದೆ ಸಾಗುವುದಿಲ್ಲ. ಶರಣಪ್ಪ ದಿನಾ ಇಷ್ಟಲಿಂಗ ಪೂಜೆ ಮುಗಿಸಿಯೇ ನೀರು ಮುಟ್ಟುವವನು. ಅವನು ಕಂಪ್ಯೂಟರಿನಲ್ಲಿ ಪ್ರತಿ ಫೈಲಿನ ಹೆಸರನ್ನೂ ಶ್ರೀಯಿಂದಲೇ ಶುರು ಮಾಡಿದ್ದ. ಶ್ರೀ ಪಾಟೀಲ ದಾವಾ, ಶ್ರೀ ಜಾಮೀನು, ಶ್ರೀ ಕೊಲೆ ಕೇಸು. ನಾನು ಬಾಕ್ಸಿನಲ್ಲಿ ಎಸ್ ಒತ್ತಿದರೆ ಸಾಕು, ತಾಲೂಕಿನ ಕಳ್ಳರು, ಖಾತೆದಾರರು, ಸವತಿಯರು ಎಲ್ಲರೂ ಶ್ರೀ ಹಚ್ಚಿಕೊಂಡು ಸಾಲುಗಟ್ಟಿ ನಿಲ್ಲುತ್ತಿದ್ದರು.

"ಶರಣ್ಯಾ, ಕೊಲೆ ಮಾಡ್ದಂವಗೂ ಶ್ರೀ ಬೇಕೇನ್ಲೇ?"

"ಅಂವಗ ಅಲ್ರಿ, ಕಾಗದಕ್ಕ," ಎಂದ.

ನನ್ನ ಅಡ್ಡಹೆಸರುಗಳ ಕೀರ್ತಿಯನ್ನೂ ಹೇಳಬೇಕು. ಸಿ, ಎಚ್, ಎ ಒತ್ತಿದರೆ ನನ್ನದೇ ಧ್ವನಿ ಕೇಳುವಂತೆ ಮಾಡಿದ್ದೆ: "ಸಾಹೇಬ್ರ, ಚಾ ಯಾವಾಗ ಹೇಳ್ತೀರಿ?" ಶರಣಪ್ಪನಿಗೆ ಇಟ್ಟ ಬಲೆ ಅದು. ಬಿದ್ದವರು ಅಪ್ಪಾಸಾಹೇಬರು. ಔರಾದ ಶಹಾಜನಿಯ ದೊಡ್ಡ ಕಕ್ಷಿದಾರರನ್ನು ಎದುರಿಗೆ ಕೂರಿಸಿಕೊಂಡು, ಚಾರ್ಜ್‌ಶೀಟ್ ಹುಡುಕಲು ತಾವೇ ಆ ಅಕ್ಷರ ಹೊಡೆದು ಎಂಟರ್ ಒತ್ತಿದರು. ಕಂಪ್ಯೂಟರ್ ಗಟ್ಟಿಯಾಗಿ ಚಹಾ ಕೇಳಿತು. ಕಕ್ಷಿದಾರರು ಗಂಭೀರವಾಗಿ ತಲೆಯಾಡಿಸಿ "ಹೇಳ್ರಿ ಪಾಪ" ಎಂದರು. ಅಪ್ಪಾಸಾಹೇಬರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಚಹಾ ಬಂತು.

ಆ ಚಳಿಗಾಲದಲ್ಲಿ ಶರಣಪ್ಪನಿಗೆ ಲಕ್ವಾ ಹೊಡೆಯಿತು.

ಬೆಳಿಗ್ಗೆ ಪೂಜೆಗೆ ಕೂತವನ ಕೈಯಿಂದ ವಿಭೂತಿ ಜಾರಿ ಬಿತ್ತಂತೆ. ಲಾತೂರಿನ ದವಾಖಾನೆಯಿಂದ ಬಂದಾಗ ಕಾಲು ಎಳೆದುಕೊಂಡಾದರೂ ನಡೆಯುತ್ತಿದ್ದ, ಮಾತು ತಿರುಗಿ ಬಂದಿತ್ತು. ಬಲಗೈ ಮಾತ್ರ ಬೇರೆ ಯಾರದೋ ಕೈಯಂತೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಮೌಸ್ ಹಿಡಿಸಿದರೆ ಬಾಣ ಪರದೆಯ ತುಂಬ ಹುಚ್ಚು ಹಿಡಿದ ಹಾಗೆ ಓಡಾಡುತ್ತಿತ್ತು.

ಅಪ್ಪಾಸಾಹೇಬರು ನನ್ನನ್ನು ಕರೆದರು. "ಮಾಸ್ತರ, ಶರಣಪ್ಪ ಇನ್ ಮನ್ಯಾಗ ಆರಾಮ ಇರ್ಲಿ. ಖುರ್ಚಿ ಹಿಂಗ ಎಷ್ಟ್ ದಿನ ಖಾಲಿ ಇಡ್ಲಿ?"

"ಶಿವರಾತ್ರಿ ತನಕ ಬಿಡ್ರಿ ಸಾಹೇಬ್ರ. ಒಂದ್ ಕೈಲೆ ಕೆಲ್ಸ ಮಾಡಿ ತೋರಿಸ್ತಾನ. ಇಲ್ಲಂದ್ರ ನೀವ್ ಹೇಳ್ದಂಗ."

"ಆಗ್ತದ?"

"ನಾ ಕಲಿಸ್ತೀನಿ ಅಂದ್ರ ಆಗ್ಲೇಬೇಕು." ಆಗ ನನ್ನ ಎದೆ ಅಷ್ಟು ಉಬ್ಬಿತ್ತು.

ಅವನ ಮನೆಗೆ ಹೋದೆ. ಶರಣಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. ಅವನ ಹೆಂಡತಿ ಮಹಾದೇವಿ ನನ್ನನ್ನು ಬಾಗಿಲ ಹೊರಗೇ ನಿಲ್ಲಿಸಿ ಮೆಲ್ಲಗೆ ಹೇಳಿದಳು: "ಅಣ್ಣಾ, ಇವ್ರಿಗಿ ಮನ್ಯಾಗ ಕುಂದ್ರಸಬ್ಯಾಡ್ರಿ. ಉಣ್ಣಲ್ಲ, ಮಾತಾಡಲ್ಲ. ದಿನಾ ಮುಂಜಾನಿ ಆಫೀಸಿನ ಅಂಗಿ ಹಾಕ್ಕೊಂಡು ಕುಂದುರ್ತಾರ. ಸಂಜಿಗಿ ಕಳೀತಾರ. ಆ ಖುರ್ಚಿ ಒಂದ್ ಹೋಯ್ತಂದ್ರ ಇವ್ರು ಉಳ್ಯಾಂಗಿಲ್ಲ."

ಮರುದಿನದಿಂದ ಅವನನ್ನು ಕಚೇರಿಗೆ ಕರೆದೊಯ್ದೆ. ಮೌಸ್ ಕಿತ್ತು ಡ್ರಾವರಿಗೆ ಹಾಕಿದೆ. ಎಡಗೈ ಹೆಬ್ಬೆರಳು ಆಲ್ಟ್ ಮೇಲೆ, ತೋರುಬೆರಳು ಸ್ಪೇಸ್ ಮೇಲೆ. ಬಾಕ್ಸು ಬಂತು.

"ಇನ್ನ್ ಪಾಟೀಲ ಅಂತ ಹೊಡಿ."

"ಪಿ ಬಲಗಡಿ ಅದ ರೀ. ಕೈ ಮುಟ್ಟಲ್ಲ."

ಅವನು ಹೇಳುವವರೆಗೆ ನನಗೆ ಹೊಳೆದಿರಲಿಲ್ಲ. ನಂತರ ಕೂತು, ಎಡಗೈ ಅಂಗಳದಲ್ಲಿ ಬರುವ ಅಕ್ಷರಗಳಿಂದಲೇ ಇಡೀ ಕಚೇರಿಗೆ ಹೊಸ ನಾಮಕರಣ ಮಾಡಿದೆ. ನಮ್ಮ ಅದೃಷ್ಟ ನೋಡಿ, ಮರಾಠಿಯಲ್ಲಿ ದಾವೆಗೆ ದಾವಾ; ಡಿ, ಎ, ವಿ, ಎ ಪೂರ್ತಿ ಎಡಗೈಯಲ್ಲೇ ಹೊಡೆಯಬಹುದು. ಕೇವಿಯಟ್ ಕೂಡ ಎಡಗೈಯದೇ. ಕೋರ್ಟು ಶುಲ್ಕ ಲೆಕ್ಕ ಹಾಕುವ ಪ್ರೋಗ್ರಾಮಿಗೆ ಸಿ ಮತ್ತು ಎಫ್. ಎಂಟರ್ ಒಂದೇ ಆಚೆ ದಡದಲ್ಲಿತ್ತು. ಅದಕ್ಕೆ ಕೈ ಹಾರಿಸಿ ವಾಪಸು ತರುವುದನ್ನು ಕಲಿತ.

ಜಗಳ ಬಂದದ್ದು ಶ್ರೀಯ ಮೇಲೆ. ಎಚ್ ಬಲಗಡೆ, ಐ ಬಲಗಡೆ. ಫೈಲಿನ ಹೆಸರಿನಿಂದ ಶ್ರೀ ತೆಗೆಯೋಣ ಎಂದೆ.

"ಅದೊಂದ್ ಬ್ಯಾಡ್ರಿ ಮಾಸ್ತರ್ರ."

"ಮತ್ತ ಖುರ್ಚಿ?"

"ಖುರ್ಚಿ ಹೋದ್ರ ಹೋಗ್ಲಿ."

ಕೈ ಬಿದ್ದವನ ಹಟ ಅದು. ನಾನು ಡೆಸ್ಕ್‌ಟಾಪಿನ ಮೇಲೆ ಶ್ರೀ ಎಂಬ ಒಂದು ದೊಡ್ಡ ಫೋಲ್ಡರ್ ಮಾಡಿ, ಇದ್ದಬದ್ದ ಫೈಲುಗಳನ್ನೆಲ್ಲ ಅದರೊಳಗೆ ಹಾಕಿದೆ. "ನೋಡಪ, ಈಗ ಎಲ್ಲಾ ಶ್ರೀ ಹೊಟ್ಯಾಗ ಅದಾವ. ಮ್ಯಾಲಿಂದ ಪ್ರತಿಯೊಂದಕ್ಕೂ ಯಾಕ ಹಚ್ಚತಿ?" ಅವನು ಫೋಲ್ಡರ್ ತೆರೆದು ಒಳಗೆಲ್ಲ ನೋಡಿದ. ಕೊನೆಗೆ ತಲೆಯಾಡಿಸಿದ. ಮರುದಿನ ಬಂದು ಪರದೆಯ ಮೂಲೆಗೆ ಚಿಟಿಕೆ ವಿಭೂತಿ ಹಚ್ಚಿದ.

ಶಿವರಾತ್ರಿ ಹತ್ತಿರ ಬಂದಾಗ ಅಪ್ಪಾಸಾಹೇಬರು ಕೋರ್ಟಿನೊಳಗಿಂದ ಫೋನು ಮಾಡಿದರು. ನಾನು ಬೇಕೆಂದೇ ಕಿವಿಗೆ ಹಿಡಿಯದೆ, ಸ್ಪೀಕರ್ ಹಾಕಿ ಶರಣಪ್ಪನ ಮುಂದೆ ಇಟ್ಟೆ.

"ವಲಾಂಡಿ ದಾವಾ ಬೇಕು. ಜಲ್ದಿ. ಜಡ್ಜ ಸಾಹೇಬ್ರು ಕುಂತಾರ."

ಶರಣಪ್ಪನ ಕಣ್ಣು ಎಡಗಡೆ ಇಟ್ಟ ಬೇರೆ ಕಾಗದದ ಮೇಲೆಯೇ ಇತ್ತು. ಎಡಗೈ ಮಾತ್ರ ಓಡಿತು. ಆಲ್ಟ್, ಸ್ಪೇಸ್, ದಾವಾ, ಎಂಟರ್. ಲಾಂಚರಿಗೂ ಅಷ್ಟು ದಿನಗಳಲ್ಲಿ ಅವನ ಕೈ ಗೊತ್ತಾಗಿತ್ತು; ದಾವಾ ಎಂದರೆ ಆ ವಾರ ವಲಾಂಡಿಯದೇ ಎಂದು ಮೇಲೆ ಇಟ್ಟುಕೊಂಡು ಕೂತಿತ್ತು. ಫೈಲು ತೆರೆಯಿತು, ಪ್ರಿಂಟು ಕೊಟ್ಟ, ಪ್ರಿಂಟರ್ ಗುರುಗುಟ್ಟಿತು. ಫೋನಿನೊಳಗಿಂದ ಅಪ್ಪಾಸಾಹೇಬರಿಗೆ ಅದು ಕೇಳಿಸಿತು.

"ಯಾರ್ ತೆಗೆದ್ರು, ಮಾಸ್ತರ?"

"ನಾ ಎಲಿ ಅಡಕಿ ಹಾಕ್ಲಿಕತ್ತೀನಿ ಸಾಹೇಬ್ರ. ಕೈ ಖಾಲಿ ಇಲ್ಲ."

ಅಪ್ಪಾಸಾಹೇಬರು ಫೋನು ಇಟ್ಟರು. ಮತ್ತೆಂದೂ ಖುರ್ಚಿಯ ಮಾತು ಎತ್ತಲಿಲ್ಲ. ಅಂದು ಶರಣಪ್ಪ ನನ್ನ ಕಡೆ ತಿರುಗಿ, ಕೈ ಚಾಚಿ ಕಷ್ಟಪಟ್ಟು ಸಿ, ಎಚ್, ಎ ಒತ್ತಿದ. ಕಂಪ್ಯೂಟರ್ ನನ್ನ ಧ್ವನಿಯಲ್ಲಿ ಚಹಾ ಕೇಳಿತು. ಲಕ್ವಾ ಆದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಒಂದು ಕಡೆಯ ತುಟಿ ಮಾತ್ರ ಎದ್ದಿತು, ಆದರೂ ನಗುವೇ.

ಇಲ್ಲಿಗೆ ಮುಗಿಸಿದರೆ ನಾನು ದೊಡ್ಡ ಮನುಷ್ಯನಾಗಿ ಉಳಿಯುತ್ತೇನೆ. ಬಹಳ ಜನರಿಗೆ ಇಲ್ಲಿಯವರೆಗೆ ಮಾತ್ರ ಹೇಳಿದ್ದೇನೆ.

ಕೆಲವು ವರ್ಷ ಹಾಗೆಯೇ ನಡೆಯಿತು. ನನ್ನ ಕಣ್ಣಿಗೆ ಪೊರೆ ಬಂತು, ಕೆಲಸ ಬಿಟ್ಟು ಉದಗೀರಕ್ಕೆ ಬಂದೆ. ಅಪ್ಪಾಸಾಹೇಬರೂ ಕೋರ್ಟಿಗೆ ಹೋಗುವುದನ್ನು ನಿಲ್ಲಿಸಿ, ಕಚೇರಿಯನ್ನು ತಮ್ಮ ಅಣ್ಣನ ಮಗನಿಗೆ ಒಪ್ಪಿಸಿದರು. ಅವರನ್ನು ಎಲ್ಲರೂ ಧಾಕಟೇ ಸಾಹೇಬ ಎನ್ನುತ್ತಾರೆ, ಸಣ್ಣ ಸಾಹೇಬರು ಎಂದು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಬಂದವರೇ ಹಳೆಯ ಕಂಪ್ಯೂಟರುಗಳನ್ನು ತೆಗೆಸಿ, ಒಂದು ಭಾನುವಾರ ಹೊಸದನ್ನು ಹಾಕಿಸಿದರು. ಎಲ್ಲ ಫೈಲುಗಳೂ ಹೊಸದಕ್ಕೆ ಬಂದವು. ಶ್ರೀ ಫೋಲ್ಡರ್ ಕೂಡ ಬಂತು. ಲಾಂಚರ್ ಬರಲಿಲ್ಲ. ಅದು ಅಲ್ಲಿತ್ತು ಎಂಬುದೇ ಯಾರಿಗೂ ಗೊತ್ತಿರಲಿಲ್ಲ; ಕಾಣುವ ವಸ್ತುವಲ್ಲವಲ್ಲ.

ಸೋಮವಾರ ಮಾಕಣಿಯ ಒಬ್ಬ ಮುದುಕಿಯ ಜಮೀನಿನ ಮೇಲ್ಮನವಿ ಸಲ್ಲಿಸಲು ಕೊನೆಯ ದಿನ. ಈಗ ಎಲ್ಲವೂ ಆನ್‌ಲೈನ್. ಸಣ್ಣ ಸಾಹೇಬರು ತಾವೇ ಅರ್ಜಿಯ ಪುಟ ತೆರೆದು ಶರಣಪ್ಪನನ್ನು ಕೂರಿಸಿದರು. ಅವನು ಬೆಳಿಗ್ಗೆಯಿಂದ ಒಂದೇ ಕೈಯಲ್ಲಿ ಅರ್ಜಿಯ ಖಾಲಿ ಮನೆಗಳನ್ನು ತುಂಬುತ್ತ ಹೋದ. ಟ್ಯಾಬ್ ಒತ್ತಿ ಮುಂದಿನ ಮನೆಗೆ, ಮತ್ತೆ ಟ್ಯಾಬ್. ಏನನ್ನೂ ಹೊಸದಾಗಿ ತೆರೆಯುವ ಪ್ರಸಂಗ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೋರ್ಟು ಶುಲ್ಕದ ಮನೆ ಬಂತು, ಲೆಕ್ಕದ ಪ್ರೋಗ್ರಾಮು ಕರೆಯಬೇಕಾಯಿತು.

ಆಮೇಲಿನದನ್ನು ಶರಣಪ್ಪನೇ ನನಗೆ ಹೇಳಿದ್ದು. ಕಣ್ಣು ಕಾಗದದ ಮೇಲಿತ್ತು. ಆಲ್ಟ್, ಸ್ಪೇಸ್, ಸಿ, ಎಫ್, ಎಂಟರ್.

ಲಾಂಚರ್ ಇಲ್ಲದ ಕಂಪ್ಯೂಟರಿನಲ್ಲಿ ಆಲ್ಟ್ ಸ್ಪೇಸ್ ಒತ್ತಿದರೆ ಬಾಕ್ಸು ಬರುವುದಿಲ್ಲ. ಮೇಲಿನ ಮೂಲೆಯಲ್ಲಿ ಒಂದು ಸಣ್ಣ ಪಟ್ಟಿ ಇಳಿಯುತ್ತದೆ: ಕಿಟಕಿ ದೊಡ್ಡದು ಮಾಡು, ಸಣ್ಣದು ಮಾಡು, ಮುಚ್ಚು. ಸಿ ಎಂದರೆ ಅಲ್ಲಿ ಮುಚ್ಚು. ತುಂಬಿದ್ದೆಲ್ಲ ಹೋಗುತ್ತದೆ, ಬಿಟ್ಟು ಹೋಗಲೇ ಎಂದು ಕಂಪ್ಯೂಟರ್ ಕೇಳಿಯೇ ಇರಬೇಕು. ಕೇಳಿದ್ದನ್ನು ನೋಡಲು ಅವನ ಕಣ್ಣು ಅಲ್ಲಿರಲಿಲ್ಲ. ಎಫ್‌ಗೆ ಅದು ಏನೂ ಮಾಡಲಿಲ್ಲ. ಎಂಟರ್‌ಗೆ ಹೂಂ ಅಂದಿತು.

ಅವನು ಶುಲ್ಕದ ಅಂಕಿಗಳನ್ನು ಹೊಡೆಯುತ್ತಲೇ ಇದ್ದನಂತೆ. ಹಿಂದೆ ನಿಂತ ಸಾಹೇಬರು "ಶರಣಪ್ಪಾ, ಮ್ಯಾಲ ನೋಡ್ರಿ" ಎಂದಾಗ ತಲೆ ಎತ್ತಿದ. ಪರದೆಯ ಮೇಲೆ ಒಂದು ಬೆಟ್ಟದ ಚಿತ್ರ ಇತ್ತು, ಬೇರೇನೂ ಇರಲಿಲ್ಲ.

ಮುದುಕಿಯ ಅರ್ಜಿಗೆ ಧಕ್ಕೆಯಾಗಲಿಲ್ಲ. ಸಾಹೇಬರೇ ಕೂತು ಮತ್ತೆ ತುಂಬಿ ಸಂಜೆಗೆ ಕಳಿಸಿದರು. ಮರುದಿನ ಶರಣಪ್ಪನಿಗೆ ಶಾಲು ಹೊದಿಸಿ, ಹಾರ ಹಾಕಿ, ಬಹಳ ಮರ್ಯಾದೆಯಿಂದ ಮನೆಗೆ ಬಿಟ್ಟು ಬಂದರು.

ಸುದ್ದಿ ಕೇಳಿ ಉದಗೀರದಿಂದ ಮೊದಲ ಬಸ್ಸಿಗೇ ನಿಲಂಗಾದ ಕಚೇರಿಗೆ ಹೋದೆ.

"ಸಾಹೇಬ್ರ, ಕಂಪ್ಯೂಟರ್ ಒಮ್ಮಿ ನನ್ನ ಕೈಗಿ ಕೊಡ್ರಿ. ಚಹಾ ಕುಡ್ಯೂದ್ರಾಗ ಹಾಕಿ ಕೊಡ್ತೀನಿ. ಮತ್ತ ಮೊದಲಿನಂಗ ಓಡ್ತಾನ."

"ಕಾಕಾ, ಕೋರ್ಟಿನ ಕಾಗದ ಇರೋ ಮಷೀನು. ಹೊರಗಿಂದು ಏನೂ ಹಾಕ್ಸಂಗಿಲ್ಲ ನಾ." ಮತ್ತೆ ಅಂದರು: "ನನಗ ಅವ್ರ ಮ್ಯಾಲ ರಾಗ ನಾಹೀ, ಸಿಟ್ಟಿಲ್ಲ. ಖರೇ ದಿನಾ ಹಿಂದ ನಿಂತು ನೋಡ್ಲಿಕ್ಕ ಆಗ್ತದೇನ್ರಿ? ನೀವೇ ಹೇಳ್ರಿ."

   ಅವರು ಹೇಳಿದ್ದರಲ್ಲಿ ತಪ್ಪು ಹುಡುಕುತ್ತ ಬಸ್ಸಿನಲ್ಲಿ ಬಂದೆ. ಈಗಲೂ ಹುಡುಕುತ್ತಿದ್ದೇನೆ.

ಹೊಸಬರಿಗೆ ಇಷ್ಟು ಹೇಳುತ್ತೇನೆ. ಯಾವ ಮಷೀನಿನ ಮುಂದೆ ಕೂತರೂ ಮೊದಲು ಆಲ್ಟ್ ಸ್ಪೇಸ್ ಒತ್ತಿ ತಲೆ ಎತ್ತಿ ನೋಡಿ. ಬಾಕ್ಸು ಬಂದರೆ ಮುಂದಿನ ಅಕ್ಷರ. ಬರದಿದ್ದರೆ ಎಸ್ಕೇಪ್ ಒತ್ತಿ ಕೈ ತೆಗೆಯಿರಿ. ಬೆರಳಿಗೆ ಕಲಿಸಿದ ವಿದ್ಯೆ ನಮ್ಮದು, ಮಷೀನು ಇನ್ನೊಬ್ಬರದು. ಅವರು ಒಂದು ಭಾನುವಾರ ಅದನ್ನು ಬದಲಿಸುತ್ತಾರೆ, ಬೆರಳಿಗೆ ಯಾರೂ ಹೇಳುವುದಿಲ್ಲ. ಇದನ್ನು ಕೇಳಿ ನೀವು ಎಚ್ಚರದಿಂದ ಇರುತ್ತೀರಿ ಎಂಬ ಭರವಸೆ ನನಗೇನೂ ಇಲ್ಲ. ರೂಢಿಯಾಗಲಿ ಎಂದು ತಾನೇ ಕಲಿಯುವುದು? ರೂಢಿಯಾದ ಮೇಲೆ ಯಾರು ನೋಡುತ್ತಾರೆ?

ಈಗ ಶರಣಪ್ಪ ವಲಾಂಡಿಯಲ್ಲಿ, ಮಹಾದೇವಿಯ ತವರೂರಲ್ಲಿ ಇದ್ದಾನೆ. ದವಾಖಾನೆಗೆಂದು ಉದಗೀರಕ್ಕೆ ಬಂದಾಗ ನಮ್ಮ ಮನೆಗೂ ಬರುತ್ತಾರೆ. ಕಳೆದ ಸಲ ಬಂದಾಗ ಆಫೀಸಿನ ಅಂಗಿ ಇರಲಿಲ್ಲ. ಬನಿಯನ್ನಿನ ಮೇಲೆ ಟವೆಲ್ ಹೊದ್ದುಕೊಂಡಿದ್ದ. ಅವನು ಕಾಲು ತೊಳೆಯಲು ಹಿಂದೆ ಹೋದಾಗ ಮಹಾದೇವಿ ಕೇಳಿದಳು: "ಅಣ್ಣಾ, ಕಲಿಸ್ದಂಗ ಮರಸ್ಲಿಕ್ಕ ಬರ್ತದೇನ್ರಿ? ಉಣ್ಲಿಕ್ಕ ಕುಂತ್ರ ತಾಟಿನ ಅಂಚಿಗಿ ಬೆರಳು ಒತ್ತತಾರ. ರೊಟ್ಟಿ ಮುರ್ಯಾದು ಬಿಟ್ಟು ಒತ್ತತಾರ."

ನನಗೆ ಬರುವುದು ಕಿತಾಪತಿ ಒಂದೇ. ನನ್ನ ಹಳೆಯ ಲ್ಯಾಪ್‌ಟಾಪ್ ತಂದು ಅವನ ಮುಂದೆ ಇಟ್ಟೆ. ಅದರಲ್ಲಿ ಲಾಂಚರ್ ಇದೆ, ಚಹಾ ಕೇಳುವ ನನ್ನ ಧ್ವನಿಯೂ ಇದೆ. ಆ ಮೂರು ಅಕ್ಷರ ಒತ್ತುತ್ತಾನೆ, ಅರ್ಧ ತುಟಿಯಾದರೂ ಏಳುತ್ತದೆ ಎಂದುಕೊಂಡೆ.

"ಒತ್ತು ಶರಣ್ಯಾ. ಇದರಾಗ ಬಾಕ್ಸ್ ಅದ."

ಅವನು ಎಡಗೈ ಎತ್ತಿ ಕೀಗಳ ಮೇಲಿಟ್ಟ. ಉಮರಗಾದಿಂದ ಇಲ್ಲಿಯವರೆಗೆ ನಾನು ಕಂಡಿರದ ಒಂದು ಕೆಲಸ ಮಾಡಿದ: ಕೆಳಗೆ ಕಣ್ಣಿಟ್ಟು ಆಲ್ಟ್ ಎಲ್ಲಿದೆ ಎಂದು ನೋಡಿದ. ನೋಡಿ ಒತ್ತಿದ. ಸ್ಪೇಸ್ ಎಲ್ಲಿದೆ ಎಂದು ನೋಡಿ ಒತ್ತಿದ. ಆಮೇಲೆ ತಲೆ ಎತ್ತಿ ಪರದೆ ನೋಡಿದ. ಬಾಕ್ಸು ಬಂದಿತ್ತು. ಒಳಗೆ ಗೆರೆಯೊಂದು ಮಿಣಮಿಣ ಅನ್ನುತ್ತಿತ್ತು, ಏನಾದರೂ ಬರೆ ಎಂದು ಕಾಯುತ್ತ.

"ಬಂದದಲ್ಲ, ಹೊಡಿ," ಎಂದೆ.

"ಏನ್ ತೆರೀಲಿ ಮಾಸ್ತರ್ರ?"

ದಾವಾ ಇರಲಿಲ್ಲ, ಕೇವಿಯಟ್ ಇರಲಿಲ್ಲ. ನನ್ನ ಮೊಮ್ಮಗಳ ಹುಟ್ಟುಹಬ್ಬದ ಫೋಟೋಗಳು ಬಿಟ್ಟರೆ ಆ ಲ್ಯಾಪ್‌ಟಾಪಿನಲ್ಲಿ ಏನೂ ಇರಲಿಲ್ಲ. ಚಹಾ ಒತ್ತು ಎಂದು ಹೇಳಬಹುದಿತ್ತು. ಒಳಗೆ ಮಹಾದೇವಿ ನಿಜವಾದ ಚಹಾವನ್ನೇ ಸೋಸುತ್ತಿದ್ದಳು.

 ಶರಣಪ್ಪ ಬೆರಳು ಮೇಲಕ್ಕೆ ಸರಿಸಿ ಎಸ್ಕೇಪ್ ಒತ್ತಿದ. ಅದಕ್ಕೆ ಅವನು ಕೈ ಚಾಚಬೇಕಾಗಲಿಲ್ಲ. ಎಸ್ಕೇಪ್ ಎಡಗಡೆಯೇ ಇದೆ.